ತುಂಗಭದ್ರೆಯ ಎರಡು ದಡ, ಎರಡು ಸ್ವಾತಂತ್ರ್ಯ ದಿನ

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನವಳು, ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮಲ್ಲಿ ಆಗಸ್ಟ್ 15ಕ್ಕೂ ಧ್ವಜ ಹಾರಿಸುತ್ತಾರೆ, ಸೆಪ್ಟೆಂಬರ್ 17ಕ್ಕೂ ಹಾರಿಸುತ್ತಾರೆ. ನಮ್ಮ ಅಜ್ಜನನ್ನು ಕೇಳಿದರೆ, "ಮಿಲ್ಟ್ರಿ ಬಂತು, ಐದು ದಿನದಾಗ ಎಲ್ಲಾ ಮುಗೀತು" ಎನ್ನುತ್ತಾರೆ. ಹಾಗಾದರೆ ನಮ್ಮ ಭಾಗದ ಸ್ವಾತಂತ್ರ್ಯ ಬೇರೆಯವರು ತಂದುಕೊಟ್ಟದ್ದೇ? ಒಂದು ನಾಡು ಸ್ವಾತಂತ್ರ್ಯ ಗಳಿಸಲು ಮತ್ತು ಗಳಿಸಿದ್ದನ್ನು ಉಳಿಸಿಕೊಳ್ಳಲು ನಿಜವಾಗಿ ಏನು ಬೇಕು?

ಉತ್ತರ: ನಿಮ್ಮ ಅಜ್ಜನವರ ಲೆಕ್ಕ ಸರಿಯಾಗಿಯೇ ಇದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದ ಗಡಿಯೊಳಗೆ ಕಾಲಿಟ್ಟಿತು. ಮೊದಲ ದಿನವೇ ನಮ್ಮ ತುಂಗಭದ್ರೆಯ ಮೇಲಿನ ಸೇತುವೆಯೊಂದನ್ನು ಗೂರ್ಖಾ ಪಡೆ ವಶಪಡಿಸಿಕೊಂಡಿತು. 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನ ನಿಲ್ಲಿಸಿರುವುದಾಗಿ ಘೋಷಿಸಿದರು. 18ರಂದು ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ. ಎನ್. ಚೌಧರಿಯವರಿಗೆ ಶರಣಾದರು. ಆದರೆ ಆ ಐದು ದಿನಗಳನ್ನಷ್ಟೇ ನೋಡಿದರೆ ನಿಮ್ಮ ಪ್ರಶ್ನೆಗೆ ತಪ್ಪು ಉತ್ತರ ಸಿಗುತ್ತದೆ. ಅದಕ್ಕೆ ಹಿಂದಿನ ನಲವತ್ತು ವರ್ಷಗಳನ್ನೂ ಮುಂದಿನ ಹಲವು ವರ್ಷಗಳನ್ನೂ ಸೇರಿಸಿ ನೋಡಬೇಕು.

ಮೊದಲು ನಿಮ್ಮ ಊರಿನ ಹೊಳೆಯಿಂದಲೇ ಆರಂಭಿಸೋಣ. 1947ರ ಆಗಸ್ಟ್ 15ರಂದು ತುಂಗಭದ್ರೆಯ ದಕ್ಷಿಣ ದಡದ ಹೊಸಪೇಟೆ, ಕಂಪ್ಲಿ, ಸಿರುಗುಪ್ಪಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಅಲ್ಲಿ ತ್ರಿವರ್ಣ ಧ್ವಜ ಏರಿತು. ಉತ್ತರ ದಡದ ಆನೆಗೊಂದಿ, ಗಂಗಾವತಿ, ಕೊಪ್ಪಳಗಳು ನಿಜಾಮರ ರಾಯಚೂರು ಜಿಲ್ಲೆಯಲ್ಲಿದ್ದವು. ಅಲ್ಲಿ ಅದೇ ಧ್ವಜ ಹಿಡಿದವರು ಜೈಲಿಗೆ ಹೋದರು. ಹಂಪಿಯ ಕಡೆಯಿಂದ ಹರಿಗೋಲು ಹತ್ತಿದವರು ಕೆಲವೇ ನಿಮಿಷಗಳಲ್ಲಿ ಸ್ವತಂತ್ರ ದೇಶದಿಂದ ಇನ್ನೊಂದು ಆಳ್ವಿಕೆಗೆ ದಾಟುತ್ತಿದ್ದರು. ಈ ಸ್ಥಿತಿ ಹದಿಮೂರು ತಿಂಗಳು ಇತ್ತು. ಉತ್ತರ ದಡದಲ್ಲಿ ಚಲಾವಣೆಯಲ್ಲಿದ್ದದ್ದು ನಿಜಾಮರ ಹಾಲಿ ಸಿಕ್ಕಾ ನಾಣ್ಯ, ಸರಕು ದಾಟಿಸುವವರು ಕಟ್ಟಬೇಕಾದದ್ದು ಕರೋಡಗಿರಿ ಸುಂಕ. ನಿಜಾಮರ ಪರವಾಗಿದ್ದ ಖಾಸಗಿ ಪಡೆಯಾದ ರಜಾಕಾರರ ಹಾವಳಿಯ ದಿನಗಳಲ್ಲಿ ಮನೆಯ ಬೆಳ್ಳಿಯನ್ನೆಲ್ಲ ಹಗೇವಿನಲ್ಲಿ ಜೋಳದ ಕೆಳಗೆ ಹೂತಿಟ್ಟು ಹೊಳೆಯಾಚೆಯ ತವರಿಗೆ ಹೋಗಿದ್ದುದನ್ನು ನನ್ನ ತಾಯಿ ಕೊನೆಯವರೆಗೂ ನೆನೆಯುತ್ತಿದ್ದರು. "ಸ್ವಾತಂತ್ರ್ಯ ಅಂದರ ಏನಂತ ಆಗ ಗೊತ್ತಿರಲಿಲ್ಲ, ಆ ದಂಡ್ಯಾಗ ರಾತ್ರಿ ನಿದ್ದಿ ಬರತಿತ್ತು, ಈ ದಂಡ್ಯಾಗ ಬರತಿರಲಿಲ್ಲ, ಅಷ್ಟ ಗೊತ್ತಿತ್ತು" ಎನ್ನುತ್ತಿದ್ದರು. ಈ ವಿಷಯದ ಬಗ್ಗೆ ನಾನು ಓದಿದ ಅನೇಕ ವ್ಯಾಖ್ಯಾನಗಳಿಗಿಂತ ಆ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಇಲ್ಲಿ ಒಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಸ್ವಾತಂತ್ರ್ಯ ಬೇಕೆಂದು ನಿಜಾಮರೂ ಕೇಳುತ್ತಿದ್ದರು. ಬ್ರಿಟಿಷರು ಹೊರಟ ದಿನದಿಂದ ತಾವು ಭಾರತಕ್ಕೂ ಪಾಕಿಸ್ತಾನಕ್ಕೂ ಸೇರದ ಸ್ವತಂತ್ರ ದೊರೆ ಎಂದು ಅವರು 1947ರ ಜೂನ್‌ನಲ್ಲೇ ಫರ್ಮಾನು ಹೊರಡಿಸಿದ್ದರು. 'ಆಜಾದ್ ಹೈದರಾಬಾದ್' ಎಂಬ ಘೋಷಣೆಯನ್ನು ರಜಾಕಾರರ ಮುಖಂಡ ಕಾಸಿಂ ರಜ್ವಿಯ ಅನುಯಾಯಿಗಳು ಬೀದಿಬೀದಿಯಲ್ಲಿ ಕೂಗುತ್ತಿದ್ದರು. ಹಾಗಾಗಿ ಒಂದು ರಾಜ್ಯ ಯಾರ ಅಧೀನದಲ್ಲೂ ಇಲ್ಲದಿರುವುದೇ ಸ್ವಾತಂತ್ರ್ಯ ಎನ್ನುವುದಾದರೆ ನಿಜಾಮರ ಬೇಡಿಕೆಯನ್ನು ತಳ್ಳಿಹಾಕಲು ನಮಗೆ ಯಾವ ಆಧಾರವೂ ಉಳಿಯುವುದಿಲ್ಲ. ಆ ರಾಜ್ಯದಲ್ಲಿ ಸುಮಾರು 1.63 ಕೋಟಿ ಜನರಿದ್ದರು. ಕನ್ನಡದ ಮೂರು ಜಿಲ್ಲೆಗಳಾದ ರಾಯಚೂರು, ಗುಲಬರ್ಗಾ, ಬೀದರಗಳಲ್ಲಿ ಜನರು ಮನೆಯಲ್ಲಿ ಆಡುವ ಮಾತು ಒಂದು, ಕಚೇರಿಯಲ್ಲಿ ಅರ್ಜಿ ಬರೆಯಬೇಕಾದ ಭಾಷೆ ಇನ್ನೊಂದು, ಉರ್ದು. ಸಾರ್ವಜನಿಕ ಸಭೆ ಸೇರಲು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ಗಸ್ತಿ ನಿಶಾನ್ 53 ಎಂಬ ಆಜ್ಞೆ ಇತ್ತು. ಕೊಪ್ಪಳವೇ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಾಗೀರು, ಅಂದರೆ ಕಂದಾಯದ ಹಕ್ಕನ್ನು ಬಿಟ್ಟುಕೊಟ್ಟ ಪ್ರದೇಶವಾಗಿತ್ತು. ಇಂಥ ವ್ಯವಸ್ಥೆಯಲ್ಲಿ ದೊರೆ ಸ್ವತಂತ್ರನಾದರೆ ಬಿಟ್ಟಿ ಚಾಕರಿ ಮಾಡುವ ರೈತನಿಗೆ ಸಿಗುವುದು ಏನು? ನಿಮ್ಮ ಪ್ರಶ್ನೆಯಲ್ಲಿರುವ 'ನಾಡು' ಎಂಬ ಮಾತನ್ನು ನಾನು ಆ ರೈತ ಎಂಬ ಅರ್ಥದಲ್ಲೇ ತೆಗೆದುಕೊಳ್ಳುತ್ತೇನೆ.

ಈಗ ಗಳಿಕೆಯ ಮಾತು. ನನ್ನ ಅಧ್ಯಯನದಿಂದ ನನಗೆ ದೃಢವಾಗಿರುವ ಅಭಿಪ್ರಾಯವಿದು: ಒಡೆಯ ಹೊರಟುಹೋಗುವ ಮೊದಲೇ, ಅವನ ಅಪ್ಪಣೆಗೆ ಕಾಯದೆ ಕೂಡಿ ಕೆಲಸ ಮಾಡುವುದನ್ನು ಎಷ್ಟು ಕಲಿತಿರುತ್ತಾರೋ ಅಷ್ಟೇ ಸ್ವಾತಂತ್ರ್ಯವನ್ನು ಜನರು ನಿಜವಾಗಿ ಗಳಿಸಿರುತ್ತಾರೆ. ಶೌರ್ಯ ಬೇಕು, ಆದರೆ ಅದೊಂದೇ ಸಾಲದೆಂಬುದಕ್ಕೆ ಕೊಪ್ಪಳದ ಕೋಟೆಯೇ ಸಾಕ್ಷಿ. 1858ರಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆ ಕೆಂಚನಗೌಡ ಬ್ರಿಟಿಷರ ವಿರುದ್ಧ ದಂಗೆ ಎದ್ದು ಆ ಕೋಟೆಯನ್ನು ಹಿಡಿದರು, ಅಲ್ಲಿಯೇ ಹೋರಾಡಿ ಮಡಿದರು. ಅವರ ಧೈರ್ಯದಲ್ಲಿ ಕೊರತೆ ಇರಲಿಲ್ಲ. ಕೋಟೆಯ ಹೊರಗೆ ಅವರ ಕೆಲಸವನ್ನು ಮುಂದುವರಿಸಬಲ್ಲ ಸಂಘಟನೆ ಇರಲಿಲ್ಲ. ಕೋಟೆ ಬಿದ್ದ ದಿನವೇ ಹೋರಾಟವೂ ಮುಗಿಯಿತು.

ತೊಂಬತ್ತು ವರ್ಷಗಳ ಬಳಿಕ ಇದೇ ಪ್ರದೇಶದಲ್ಲಿ ನಡೆದದ್ದು ಬೇರೆ ಬಗೆಯದು, ಮತ್ತು ಅದರ ಬೇರು ಕೋಟೆಗಳಲ್ಲಿರದೆ ಶಾಲೆಗಳಲ್ಲಿತ್ತು. ಗುಲಬರ್ಗಾದ ನೂತನ ವಿದ್ಯಾಲಯ 1907ರಲ್ಲಿ ಆರಂಭವಾಯಿತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಆ ಹೆಸರೇ ಉರ್ದುವಿನದು, ಪರರ ನೋವನ್ನು ತನ್ನದೆಂದುಕೊಳ್ಳುವವನು ಎಂದು ಅದರ ಅರ್ಥ, ಮತ್ತು ಭಾಷೆಗಳನ್ನು ಒಂದರ ವಿರುದ್ಧ ಇನ್ನೊಂದನ್ನು ನಿಲ್ಲಿಸುವ ಉದ್ದೇಶ ಅವರಿಗಿರಲಿಲ್ಲ ಎಂಬುದನ್ನು ಅದು ಹೇಳುತ್ತದೆ. ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ತಲೆಯೆತ್ತಿತು. ಸರ್ಕಾರದ ನೆರವಿಲ್ಲದೆ ಊರಿನವರೇ ಕಾಳುಕಡಿ ಕೂಡಿಸಿ ಮಾಸ್ತರರನ್ನು ಇಟ್ಟುಕೊಂಡು ಲೆಕ್ಕಪತ್ರ ನೋಡಿಕೊಂಡು ಒಂದು ಶಾಲೆಯನ್ನು ವರ್ಷಗಟ್ಟಲೆ ನಡೆಸುವುದೆಂದರೆ ಅದು ಆಡಳಿತದ ಪಾಠವೇ. ಯಾರಿಗೆ ಲೆಕ್ಕ ಒಪ್ಪಿಸಬೇಕು, ಭಿನ್ನಾಭಿಪ್ರಾಯ ಬಂದಾಗ ಸಭೆಯನ್ನು ಮುರಿಯದೆ ಹೇಗೆ ನಡೆಸಬೇಕು, ಮುಖ್ಯಸ್ಥನಾದವನನ್ನು ಹೇಗೆ ಪ್ರಶ್ನಿಸಬೇಕು ಎಂಬುದನ್ನೆಲ್ಲ ಜನರು ಅಲ್ಲಿ ಕಲಿತರು.

ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕೆಂದು ಕೇಳಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಅದು ಸರಿಯಾಗಿ ಹುಟ್ಟುವ ಮೊದಲೇ ನಿಷೇಧಿಸಲಾಯಿತು, ಆ ನಿಷೇಧ 1946ರವರೆಗೂ ಇತ್ತು. ಅದೇ 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳಿಗೆ ನಾಗಪುರದ ವಿಶ್ವವಿದ್ಯಾಲಯ ಜಾಗ ಕೊಟ್ಟಿತು. ಸಿಂದಗಿಯ ಕಡೆ ಹುಟ್ಟಿದ, ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು ಮತ್ತೆ ಮತ್ತೆ ಸೆರೆವಾಸ ಅನುಭವಿಸುತ್ತಲೇ ತೆಲುಗು, ಮರಾಠಿ, ಕನ್ನಡ ಮೂರೂ ಭಾಗಗಳ ಜನರನ್ನು ಒಂದೇ ಸಂಘಟನೆಯೊಳಗೆ ಹಿಡಿದಿಟ್ಟರು. 1947ರಲ್ಲಿ ಬಹಿರಂಗವಾಗಿ ಏನನ್ನೂ ಮಾಡಲಾಗದ ಸ್ಥಿತಿ ಬಂದಾಗ ಕಾರ್ಯಕರ್ತರು ಗಡಿ ದಾಟಿ ಮುಂಬಯಿ ಪ್ರಾಂತದ ಊರುಗಳಲ್ಲಿ ಶಿಬಿರಗಳನ್ನು ತೆರೆದರು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಂದಾಳುಗಳಾದರು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯ ಹರೆಯದವರು ಹೊಲದ ದಾರಿ ಹಿಡಿದು ರಾತ್ರೋರಾತ್ರಿ ಅಲ್ಲಿಗೆ ಹೋದರು; ಸುಂಕದ ನಾಕಾಗಳ ಮೇಲೆ ಎರಗಿದರು, ಗಡಿಯ ಹಳ್ಳಿಗಳನ್ನು ರಜಾಕಾರರಿಂದ ಕಾಯ್ದರು. ಆ ಶಿಬಿರಗಳಿಗೆ ಅನ್ನ ಹೋಗುತ್ತಿದ್ದುದು ರೈತರ ಮನೆಗಳಿಂದ. ಸಂಬಳ ಕೊಡುವವರಿಲ್ಲದೆ ನೂರಾರು ಜನರ ಶಿಬಿರ ತಿಂಗಳುಗಟ್ಟಲೆ ನಡೆಯಿತೆಂದರೆ ಸುತ್ತಲಿನ ಹಳ್ಳಿಗಳು ಮನಸ್ಸಿನಲ್ಲಿ ಆಗಲೇ ಹಳೆಯ ಆಳ್ವಿಕೆಯನ್ನು ಬಿಟ್ಟಿದ್ದವು ಎಂದೇ ಅರ್ಥ.

ಈ ಹೋರಾಟವನ್ನು ಒಂದು ಮತದವರು ಇನ್ನೊಂದು ಮತದವರ ಮೇಲೆ ಮಾಡಿದ್ದೆಂದು ಹೇಳುವವರಿದ್ದಾರೆ. ಅವರಿಗೆ ಶೋಯಬುಲ್ಲಾ ಖಾನರ ಹೆಸರನ್ನು ನೆನಪಿಸಬೇಕು. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕರಾಗಿದ್ದ ಅವರು ಸಂಸ್ಥಾನ ಭಾರತವನ್ನು ಸೇರಬೇಕೆಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ, ಅಂದರೆ ಸೇನೆ ಬರುವ ಕೆಲವೇ ವಾರಗಳ ಮೊದಲು, ಕೊಲೆಯಾದರು.

ಹಾಗಿದ್ದರೆ ಸೇನೆಯ ಪಾತ್ರವೇನು? ಸೇನೆ ಬರದಿದ್ದರೆ ನಮ್ಮ ಬಿಡುಗಡೆ ಇನ್ನೂ ಬಹಳ ಕಾಲ ಹಿಡಿಯುತ್ತಿತ್ತು ಮತ್ತು ಬಹುಶಃ ಇನ್ನೂ ಹೆಚ್ಚು ರಕ್ತ ಹರಿಯುತ್ತಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸೇನೆಗೆ ತೆಗೆಯಲು ಸಾಧ್ಯವಾದದ್ದು ದಾರಿಗೆ ಅಡ್ಡ ಬಿದ್ದಿದ್ದ ಬಂಡೆಯನ್ನು ಮಾತ್ರ; ದಾರಿಯನ್ನು ಜನರು ಆ ಮೊದಲೇ ಮಾಡಿದ್ದರು. ಅದು ಗೊತ್ತಾಗುವುದು ಸೆಪ್ಟೆಂಬರ್ 17ರ ನಂತರದ ವರ್ಷಗಳನ್ನು ನೋಡಿದಾಗ. ಅಂದು ನಿಜಾಮರ ಅಧಿಕಾರ ಹೋಯಿತು, ಜನರ ಸರ್ಕಾರ ಬರಲಿಲ್ಲ. ಮೊದಲು ಜನರಲ್ ಚೌಧರಿಯವರು ಸೈನಿಕ ರಾಜ್ಯಪಾಲರಾಗಿ ಆಳಿದರು. 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿದಾರರ ಕಾಯ್ದೆ ಬಂತು. 1950ರ ಜನವರಿ 26ರಿಂದ ಸಂವಿಧಾನ ನಮಗೂ ಅನ್ವಯವಾಯಿತು, ಆದರೆ ಮುಖ್ಯಮಂತ್ರಿಯಾಗಿ ಬಂದ ಎಂ. ಕೆ. ವೆಲ್ಲೋಡಿಯವರು ಜನರಿಂದ ಆಯ್ಕೆಯಾದವರಲ್ಲ, ಒಬ್ಬ ಅಧಿಕಾರಿ. ರಾಯಚೂರು ಜಿಲ್ಲೆಯ ರೈತ ತನ್ನ ಮತದಿಂದ ಒಂದು ಸರ್ಕಾರವನ್ನು ಕಂಡದ್ದು 1952ರಲ್ಲಿ. ಮುಂಡರಗಿ ಶಿಬಿರದ ಶಿವಮೂರ್ತಿಸ್ವಾಮಿಗಳು ಆ ಚುನಾವಣೆಯಲ್ಲೇ ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಹೋದರು. ಬಂದೂಕು ಹಿಡಿದ ಶಿಬಿರವನ್ನು ನಡೆಸಿದವರು ಮತ ಕೇಳಲು ಮನೆಮನೆಗೆ ಬಂದರು ಎಂಬುದರಲ್ಲಿ ನನಗೆ ಐದು ದಿನದ ಯುದ್ಧಕ್ಕಿಂತ ದೊಡ್ಡ ಸಾಧನೆ ಕಾಣುತ್ತದೆ. ಕನ್ನಡದ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. ಬಳ್ಳಾರಿಯವರು ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಮೈಸೂರಿಗೆ ಸೇರಿದ್ದರು. ಸ್ವಾತಂತ್ರ್ಯ ನಮಗೆ ಕಂತುಗಳಲ್ಲಿ ಬಂದಿದೆ, ಮತ್ತು ಪ್ರತಿ ಕಂತನ್ನೂ ಯಾರಾದರೂ ಕೇಳಿ ಪಡೆದಿದ್ದಾರೆ.

ಉಳಿಸಿಕೊಳ್ಳುವ ಮಾತಿಗೆ ಬರುವ ಮೊದಲು ಹೇಳಲೇಬೇಕಾದ, ಆದರೆ ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಯಾರೂ ಹೇಳದ ಒಂದು ವಿಷಯವಿದೆ. ಸೇನಾ ಕಾರ್ಯಾಚರಣೆಯ ಹಿಂದೆಯೇ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಭೀಕರ ಸೇಡಿನ ಹಿಂಸೆ ನಡೆಯಿತು. ಪ್ರಧಾನಿ ನೆಹರೂ ಅವರ ಸೂಚನೆಯ ಮೇಲೆ ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರಿದ್ದ ತಂಡ ಊರೂರು ಸುತ್ತಿ ವರದಿ ಕೊಟ್ಟಿತು. ಕನಿಷ್ಠ 27,000ದಿಂದ 40,000 ಜನ ಸತ್ತಿರಬೇಕೆಂದು ಅದು ಅಂದಾಜು ಮಾಡಿತು. ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರಗಳೂ ಸೇರಿದ್ದವು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ರಜಾಕಾರರು ಮಾಡಿದ್ದನ್ನು ನಮ್ಮ ಹಿರಿಯರು ಮರೆಯಬೇಕಿತ್ತೆಂದು ನಾನು ಹೇಳುವುದಿಲ್ಲ. ಆದರೆ ಸತ್ತವರಲ್ಲಿ ಬಹುಪಾಲು ಜನ ರಜಾಕಾರರೂ ಆಗಿರಲಿಲ್ಲ, ಜಾಗೀರುದಾರರೂ ಆಗಿರಲಿಲ್ಲ; ನೇಕಾರರು, ಕೂಲಿಗಳು, ಸಣ್ಣ ನೌಕರರು ಆಗಿದ್ದರು. ಹಳೆಯ ಅಧಿಕಾರದಿಂದ ನಾವು ಯಾವ ಅಂಕೆಯನ್ನು ಬೇಡಿದ್ದೆವೋ ಅದೇ ಅಂಕೆಗೆ ಹೊಸ ಅಧಿಕಾರವೂ ಒಳಪಡಬೇಕು. ಗೆದ್ದವರು ಅದನ್ನು ಗೆದ್ದ ಮೊದಲ ವಾರದಲ್ಲೇ ಮುರಿದರೆ ಅದರ ಬೆಲೆಯನ್ನು ಮೊಮ್ಮಕ್ಕಳು ತೆರಬೇಕಾಗುತ್ತದೆ, ಏಕೆಂದರೆ ನೆರೆಹೊರೆಯಲ್ಲಿ ಹುಟ್ಟಿದ ಭಯ ಧ್ವಜ ಬದಲಾದ ಮಾತ್ರಕ್ಕೆ ಹೋಗುವುದಿಲ್ಲ.

ಹೊರಗಿನಿಂದ ಬರುವ ಅಪಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೇನೆ ಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಸೇನೆಯಷ್ಟೇ ಅಗತ್ಯವಾದದ್ದು ಸ್ವಂತ ಅನ್ನ ಮತ್ತು ಸಾಲವಿಲ್ಲದ ಖಜಾನೆ. ಹೈಟಿ ದೇಶದ ಗುಲಾಮರು ಫ್ರೆಂಚರನ್ನು ಸೋಲಿಸಿ 1804ರಲ್ಲೇ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಕಳೆದುಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಆ ಮೊತ್ತ ಮುಂದೆ ಕಡಿಮೆಯಾದರೂ ಅದಕ್ಕಾಗಿ ಮಾಡಿದ ಸಾಲ ತೀರಿದ್ದು ನಮಗೆ ಸ್ವಾತಂತ್ರ್ಯ ಬಂದ 1947ರಲ್ಲಿ. ನಮ್ಮಲ್ಲೂ 1960ರ ದಶಕದ ಬರಗಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ಮಾತ್ರ ಒಲೆ ಉರಿಯುವ ಸ್ಥಿತಿಯಿತ್ತು, ಮತ್ತು ಆ ಗೋಧಿಯನ್ನು ತಡೆದು ತಡೆದು ಕಳಿಸುವ ಮೂಲಕ ನಮ್ಮ ವಿದೇಶ ನೀತಿಯ ಮೇಲೆ ಒತ್ತಡ ಹೇರುವ ಪ್ರಯತ್ನ ನಡೆಯಿತು. ಇಂದು ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳನ್ನು ಕಂಡಾಗ ನನಗೆ ಆ ಹಡಗುಗಳ ನೆನಪಾಗುತ್ತದೆ.

ಒಳಗಿನಿಂದ ಬರುವ ಅಪಾಯ ಇದಕ್ಕಿಂತ ಕಷ್ಟದ್ದು, ಏಕೆಂದರೆ ಅದು ಅಪಾಯದ ವೇಷದಲ್ಲಿ ಬರುವುದಿಲ್ಲ. 1975ರ ಜೂನ್ 25ರಂದು ಘೋಷಣೆಯಾದ ತುರ್ತು ಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ಇತ್ತು. ವಿಚಾರಣೆಯಿಲ್ಲದೆ ಬಂಧಿತರಾದವರು ನ್ಯಾಯಾಲಯಕ್ಕೆ ಹೋಗಬಹುದೆಂದು ಒಂಬತ್ತು ಹೈಕೋರ್ಟುಗಳು ಹೇಳಿದ್ದರೂ, 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಪೀಠ ಹೋಗಲಾಗದು ಎಂದಿತು, ಐವರಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಇದೇ ಅವಧಿಯಲ್ಲಿ ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಭೂ ನ್ಯಾಯಮಂಡಳಿಗಳು ಕೂತು ಗೇಣಿದಾರರನ್ನು ಒಡೆಯರೆಂದು ಘೋಷಿಸುತ್ತಿದ್ದವು. ತನ್ನ ಹೆಸರಿಗೆ ಪಹಣಿ ಬಂದ ದಿನ ಒಬ್ಬ ಗೇಣಿದಾರನಿಗೆ ಅದು ಕತ್ತಲೆಯ ಕಾಲವೆಂದು ಹೇಗೆ ಅನಿಸಬೇಕು? 1977ರ ಚುನಾವಣೆಯಲ್ಲಿ ಉತ್ತರ ಭಾರತ ಆಡಳಿತ ಪಕ್ಷವನ್ನು ಕಿತ್ತೊಗೆದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದಕ್ಕೇ ಕೊಟ್ಟಿತು. ನಾನು ಇದನ್ನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ. ಹೊಟ್ಟೆಯ ಸ್ವಾತಂತ್ರ್ಯವನ್ನೂ ಬಾಯಿಯ ಸ್ವಾತಂತ್ರ್ಯವನ್ನೂ ಬೇರ್ಪಡಿಸಿ ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುವುದು ಎಷ್ಟು ಸುಲಭ ಎಂಬುದನ್ನು ತೋರಿಸಲು ಹೇಳುತ್ತಿದ್ದೇನೆ. ಒಂದು ಭಾಗದವರಿಗೆ ಕಾಣದ್ದು ಇನ್ನೊಂದು ಭಾಗದವರಿಗೆ ಕಂಡಿತು; ದೊಡ್ಡ ದೇಶವಾಗಿರುವುದರಿಂದ ನಮಗಿರುವ ರಕ್ಷಣೆ ಅದು.

ಖಾಸಗಿ ಬಲವೂ ಸ್ವಾತಂತ್ರ್ಯವನ್ನು ಕಬಳಿಸಬಲ್ಲದು. ಬಳ್ಳಾರಿಯ ಅಕ್ರಮ ಕಬ್ಬಿಣದ ಅದಿರು ಗಣಿಗಾರಿಕೆಯ ವರ್ಷಗಳ ಬಗ್ಗೆ ನೀವು ಮಗುವಾಗಿದ್ದಾಗ ಕೇಳಿರಬಹುದು. ಗಡಿಯ ಕಲ್ಲುಗಳೇ ಮಾಯವಾದವು, ಲಾರಿಗಳ ಧೂಳಿನಲ್ಲಿ ಸಂಡೂರಿನ ಹೊಲಗಳು ಕೆಂಪಾದವು, ದೇಶದ ಕಾನೂನು ಅಲ್ಲಿ ನಡೆಯುವುದಿಲ್ಲವೆಂಬ ಅರ್ಥದಲ್ಲಿ 'ರಿಪಬ್ಲಿಕ್ ಆಫ್ ಬಳ್ಳಾರಿ' ಎಂಬ ಮಾತೇ ಹುಟ್ಟಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿ, 2006ರಿಂದ 2010ರವರೆಗೆ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು; ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ವರ್ಷಗಳಲ್ಲಿ ಯಾವ ಶತ್ರು ಸೇನೆಯೂ ಬಳ್ಳಾರಿಯನ್ನು ಹಿಡಿದಿರಲಿಲ್ಲ. ಆದರೂ ತನ್ನ ಹೊಲದ ಪಕ್ಕ ಏನು ನಡೆಯುತ್ತಿದೆ ಎಂದು ಕೇಳಲು ರೈತ ಹೆದರುತ್ತಿದ್ದನು, ಮತ್ತು ಕೇಳಲು ಹೆದರುವವನನ್ನು ನಾನು ಸ್ವತಂತ್ರ ಎಂದು ಕರೆಯಲಾರೆ.

ಸಂಸ್ಥೆಗಳು ಹಾಳಾಗುವುದು ಹೆಚ್ಚಾಗಿ ಸದ್ದಿಲ್ಲದೆ. ನಮ್ಮ ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ಎರಡೂ ದಡಗಳಲ್ಲಿ ಮದ್ರಾಸ್, ಹೈದರಾಬಾದ್ ಎಂಬ ಎರಡು ಸರ್ಕಾರಗಳು ಅಡಿಗಲ್ಲು ಇಟ್ಟವು. ಅದು ಕಟ್ಟಿ ಮುಗಿಯುವಷ್ಟರಲ್ಲಿ ಆ ಎರಡು ಸರ್ಕಾರಗಳಲ್ಲಿ ಒಂದು ಇತಿಹಾಸಕ್ಕೆ ಸೇರಿತ್ತು, ಕೆಲಸ ಮಾತ್ರ ಮುಂದುವರಿದಿತ್ತು. ಏಳು ದಶಕ ನಿಂತ ಅಣೆಕಟ್ಟಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋಯಿತು. ಎಂಜಿನಿಯರುಗಳು ಮತ್ತು ಕಾರ್ಮಿಕರು ಹರಿಯುವ ನೀರಿನ ಮೇಲೆಯೇ ನಿಂತು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂರಿಸಿದ್ದನ್ನು ನೀವೂ ನೋಡಿದ್ದೀರಿ, ಅವರಿಗೆ ನಾವೆಲ್ಲ ಋಣಿಗಳು. ನನ್ನ ಗಮನ ಇರುವುದು ಆ ವಾರಕ್ಕಿಂತ ಹಿಂದಿನ ವರ್ಷಗಳ ಮೇಲೆ. ಚೈನನ್ನು ನೋಡುವುದು, ಗ್ರೀಸು ಹಾಕುವುದು, ಸವೆದದ್ದನ್ನು ಬರೆದಿಡುವುದು, ಬರೆದದ್ದನ್ನು ಮೇಲಿನವರು ಓದುವುದು ಇವೆಲ್ಲ ಯಾರೂ ಹಾರ ಹಾಕದ ಕೆಲಸಗಳು. ಮತದಾರರ ಪಟ್ಟಿ, ನ್ಯಾಯಾಲಯದ ಖಾಲಿ ಹುದ್ದೆ, ಗ್ರಾಮಸಭೆಯ ನಡಾವಳಿ ಪುಸ್ತಕ, ಲೆಕ್ಕ ತಪಾಸಣೆಯ ಆಕ್ಷೇಪಣೆ ಇವೂ ಅದೇ ಬಗೆಯವು.

ಅದೇ ಅಣೆಕಟ್ಟಿನ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರು ಹರಿದು ರಾಯಚೂರಿನ ಕಡೆಗೆ ಹೋಗುತ್ತದೆ. ಮಾನ್ವಿ, ಸಿರವಾರದ ಕೊನೆಭಾಗದ ರೈತರಿಗೆ ಕಾಲುವೆಯ ನಕಾಶೆಯಲ್ಲಿ ನೀರುಂಟು, ಹೊಲದಲ್ಲಿ ಅನೇಕ ವರ್ಷ ಇಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರಿನದು ಶೇ 59.56. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಈ ಅಸಮತೋಲನವನ್ನು ತಾಲ್ಲೂಕುವಾರು ಲೆಕ್ಕ ಹಾಕಿ ತೋರಿಸಿತು. ದೀರ್ಘ ಹೋರಾಟದ ಬಳಿಕ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ, ಈ ಭಾಗದವರಿಗೆ ಶಿಕ್ಷಣ ಮತ್ತು ನೌಕರಿಯಲ್ಲಿ ಮೀಸಲಾತಿಗೆ ಅವಕಾಶ ಕೊಡುವ 371ಜೆ ವಿಧಿ ಬಂತು. ಆ ವಿಧಿಯಿಂದ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಮತ್ತು ನೌಕರಿ ಪಡೆದ ಮಕ್ಕಳನ್ನು ನಾನು ಬಲ್ಲೆ. ಇದನ್ನು ದಾನವೆಂದು ನೋಡುವವರ ಮಾತನ್ನು ನಾನು ಒಪ್ಪುವುದಿಲ್ಲ: ಹಳೆಯ ಆಳ್ವಿಕೆ ಶಾಲೆ ಕೊಡದೆ ಬಿಟ್ಟ ಜಿಲ್ಲೆಗಳಿಗೆ ಹೊಸ ಆಳ್ವಿಕೆಯೂ ದಶಕಗಟ್ಟಲೆ ಸರಿಯಾಗಿ ಕೊಡಲಿಲ್ಲ, ಅದರ ಬಾಕಿ ಇದು. ದೇಶದ ಒಂದು ಭಾಗ ತನಗೆ ಪಾಲು ಬಂದಿಲ್ಲವೆಂದು ಬಹುಕಾಲ ನಂಬಿದರೆ ಅಲ್ಲಿನವರು ಸ್ವಾತಂತ್ರ್ಯವನ್ನು ಕಾಯಲು ಏಕೆ ಮುಂದಾಗಬೇಕು?

ನಿಮ್ಮ ಮೊದಲ ಪ್ರಶ್ನೆಗೆ ಮರಳುತ್ತೇನೆ. ನಮ್ಮ ಸ್ವಾತಂತ್ರ್ಯವನ್ನು ಬೇರೆಯವರು ತಂದುಕೊಟ್ಟರೇ ಎಂಬುದಕ್ಕೆ ಇಲ್ಲ ಎಂಬುದೇ ನನ್ನ ಉತ್ತರ. ಆದರೆ ನನ್ನ ಮಾತನ್ನು ಸುಮ್ಮನೆ ಒಪ್ಪಬೇಡಿ. ನಿಮ್ಮ ಅಜ್ಜನವರಿಗೆ ಆಗ ಎಂಟು ಹತ್ತು ವರ್ಷವಾದರೂ ಆಗಿದ್ದಿರಬೇಕು. ಅವರ ಬಳಿ ಒಂದು ಸಂಜೆ ನೋಟುಪುಸ್ತಕ ಹಿಡಿದು ಕುಳಿತು, ಆ ಐದು ದಿನಗಳನ್ನು ಬಿಟ್ಟು ಉಳಿದದ್ದನ್ನು ಕೇಳಿ. ನಿಮ್ಮ ಊರಿನಿಂದ ಶಿಬಿರಕ್ಕೆ ಹೋದವರು ಯಾರು, ಅವರಿಗೆ ರೊಟ್ಟಿ ಕಟ್ಟಿ ಕಳಿಸುತ್ತಿದ್ದ ಮನೆ ಯಾವುದು, ಊರಿಗೆ ಕನ್ನಡ ಶಾಲೆ ಎಂದು ಬಂತು, ಗೌಡರ ಹೊಲದಲ್ಲಿ ಬಿಟ್ಟಿ ದುಡಿಮೆ ಯಾವ ವರ್ಷ ನಿಂತಿತು, ಮೊದಲ ಓಟು ಹಾಕಲು ಅವ್ವ, ಅತ್ತೆಯರು ಹೋಗಿದ್ದರೇ. ಮತ್ತು ಸೇನೆ ಬಂದ ಆ ವಾರದಲ್ಲಿ ನಿಮ್ಮ ಓಣಿಯ ಮುಸ್ಲಿಮರ ಮನೆಗಳಿಗೆ ಏನಾಯಿತು, ಅವರನ್ನು ಯಾರಾದರೂ ತಮ್ಮ ಮನೆಯೊಳಗೆ ಇಟ್ಟುಕೊಂಡು ಕಾಯ್ದರೇ ಎಂಬುದನ್ನು ತಪ್ಪದೆ ಕೇಳಿ. ಕಾಯ್ದವರ ಹೆಸರು ಅವರಿಗೆ ನೆನಪಿದ್ದರೆ ಬರೆದಿಟ್ಟುಕೊಳ್ಳಿ, ಅದು ಬೇರೆ ಎಲ್ಲಿಯೂ ದಾಖಲಾಗಿರುವ ಸಂಭವ ಕಡಿಮೆ.